ಸುಟ್ಟ ಸುಣ್ಣ

ಹೋದ ತಿಂಗಳ ಸಂಚಿಕೆಯಲ್ಲಿ ಪಟಿಕದ ವಿಷಯವಾಗಿ ನಾವು ಬರೆದ ನಾಲ್ಕು ಮಾತುಗಳನ್ನು ಓದಿ, ಮಳವಳ್ಳಿ ತಾಲ್ಲೂಕಿನ ಗೃಹಿಣಿಯೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಪ್ರಶ್ನೆಯು ಹೀಗಿದೆ: ಎಲೆಗೆ ಸವರುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ, ಸಕ್ಕರೆಯ ಕಾರ್ಖಾನೆಗೆ ಲಾರಿಯಲ್ಲಿ ಹೋಗುವ ಸುಣ್ಣ, ಈ ಮೂರೂ ಒಂದೆಯೊ, ಬೇರೆ ಬೇರೆಯೊ? ಒಂದೇ ಆಗಿದ್ದ ಪಕ್ಷದಲ್ಲಿ, ದೊಡ್ಡವರು ದಿನವೂ ಬಾಯಿಗೆ ಹಾಕಿಕೊಳ್ಳುವ ಪದಾರ್ಥವನ್ನು ಮಕ್ಕಳು ಮುಟ್ಟಿದೊಡನೆ ಗದರಿಸುವುದೇತಕ್ಕೆ?

ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಹುಡುಗರಿಗೆ ಪಾಠ ಹೇಳಿದವರು ನಾವು. ಇಷ್ಟು ನೇರವಾದ ಪ್ರಶ್ನೆಯನ್ನು ತರಗತಿಯಲ್ಲಿ ಯಾರಾದರೂ ಕೇಳಿದ್ದರೆಂಬ ನೆನಪು ನಮಗಿಲ್ಲ. ಮೊದಲನೆಯ ಭಾಗಕ್ಕೆ ಉತ್ತರ ಹೇಳುವುದು ಸುಲಭ. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ತಿಳಿಸಬೇಕಾಗುವುದು. ಅದನ್ನು ನಾವು ಇದುವರೆಗೆ ಎಲ್ಲಿಯೂ ಬರೆದಿಲ್ಲ. ಆದುದರಿಂದ ಸ್ವಲ್ಪ ಸುತ್ತುಬಳಸಿ ಆ ಸ್ಥಳಕ್ಕೆ ಬರುವೆವು, ವಾಚಕರು ತಾಳಿಕೊಳ್ಳಬೇಕು.

ಮೊದಲು ಶಬ್ದವನ್ನು ನೋಡೋಣ. ಸಂಸ್ಕೃತದ ‘ಚೂರ್ಣ’ವೇ ಪ್ರಾಕೃತದಲ್ಲಿ ‘ಚುಣ್ಣ’ವಾಗಿ, ನಮ್ಮ ಬಾಯಲ್ಲಿ ‘ಸುಣ್ಣ’ವಾಯಿತು. ಹಿಂದಿಯ ‘ಚೂನಾ’, ತಮಿಳಿನ ‘ಸುಣ್ಣಾಂಬು’, ತೆಲುಗಿನ ‘ಸುನ್ನಂ’ ಇವೆಲ್ಲವೂ ಒಂದೇ ಮನೆಯ ಮಕ್ಕಳು. ಕುಟ್ಟದೆ ಬೀಸದೆ, ಬರಿಯ ನೀರನ್ನು ಚಿಮುಕಿಸಿದ ಮಾತ್ರಕ್ಕೆ ತಾನಾಗಿಯೇ ಬಿರಿದು ಹಿಟ್ಟಾಗುವ ಕಲ್ಲು ಇದೊಂದೇ ಆದುದರಿಂದ, ಚೂರ್ಣವೆಂಬ ಸಾಮಾನ್ಯ ನಾಮವು ಇದಕ್ಕೆ ರೂಢಿಯಾಗಿ ನಿಂತಿತೆಂದು ನಾವು ಊಹಿಸುವೆವು. ಸಂಸ್ಕೃತದಲ್ಲಿ ಇದಕ್ಕೆ ‘ಸುಧಾ’ ಎಂಬ ಇನ್ನೊಂದು ಹೆಸರೂ ಉಂಟು. ಸುಧೆಯನ್ನು ಬಳಿದ ಮನೆಯೇ ‘ಸೌಧ’. ಬೆಂಗಳೂರಿನ ವಿಧಾನಸೌಧವು 1956ರಲ್ಲಿ ಮುಗಿದುದು ಕಗ್ಗಲ್ಲಿನಿಂದ. ಅದರ ಹೆಸರಿನಲ್ಲಿ ಮಾತ್ರ ಸುಣ್ಣವು ಉಳಿದುಕೊಂಡಿದೆ. ಅಮರಸಿಂಹನು ಸುಧಾ ಶಬ್ದಕ್ಕೆ ಗೋಡೆಗೆ ಬಳಿಯುವ ಲೇಪ, ಅಮೃತ, ಕಳ್ಳಿಯ ಗಿಡ ಎಂದು ಮೂರು ಅರ್ಥಗಳನ್ನು ಕೊಟ್ಟಿರುವನು. ಅಮೃತವನ್ನು ಕಂಡವರಿಲ್ಲ. ಉಳಿದೆರಡರ ಮಾತು ಹಾಗಲ್ಲ: ಕಳ್ಳಿಯ ಹಾಲೂ ಸುಣ್ಣವೂ ಕಣ್ಣಿಗೆ ಬಿದ್ದರೆ ಕಣ್ಣನ್ನು ಕೆಡಿಸತಕ್ಕವು. ವಿದ್ಯಾರ್ಥಿದೆಶೆಯಲ್ಲಿ ಈ ಮೂರು ಅರ್ಥಗಳನ್ನು ಬಾಯಿಪಾಠ ಮಾಡಿದ್ದೆವೇ ಹೊರತು ಅವುಗಳ ನಡುವಣ ಈ ನಂಟು ಆಗ ನಮಗೆ ಹೊಳೆದಿರಲಿಲ್ಲ.

ಆಂಗ್ಲಭಾಷೆಯಲ್ಲಿ ಸುಟ್ಟ ಸುಣ್ಣಕ್ಕೆ ‘ಕ್ವಿಕ್ ಲೈಮ್’ ಎನ್ನುವರು. ಇಲ್ಲಿ ‘ಕ್ವಿಕ್’ ಎಂದರೆ ಬೇಗನೆ ಎಂಬುದಲ್ಲ. ಜೀವವುಳ್ಳದ್ದು ಎಂದು ಆ ಶಬ್ದದ ಹಳೆಯ ಅರ್ಥ. ನೀರು ಸೋಕಿದೊಡನೆ ಬುಸುಗುಟ್ಟಿ, ಹೊಗೆಯಾಡಿ, ಉಬ್ಬಿ ಒಡೆಯುವ ಕಲ್ಲನ್ನು ಕಂಡವರು ಇದರಲ್ಲಿ ಜೀವವಿದೆಯೆಂದು ತಿಳಿದುದರಲ್ಲಿ ಆಶ್ಚರ್ಯವೇನು? ನಮ್ಮವರು ಅದೇ ದೃಶ್ಯವನ್ನು ಕಂಡು ‘ಸುಣ್ಣ ಅರಳಿತು’ ಎಂದರು. ಹೂವಿಗೆ ಹೇಳುವ ಮಾತನ್ನು ಸುಣ್ಣಕ್ಕೆ ಹೇಳಿದ ಆ ಮೊದಲಿಗನು ಯಾರೋ, ಒಳ್ಳೆಯ ಕಣ್ಣುಳ್ಳವನಾಗಿರಬೇಕು.

ಇನ್ನು ಪದಾರ್ಥದ ವಿಚಾರ. ಸುಣ್ಣದ ಕಲ್ಲಿನಲ್ಲಿ ಸುಣ್ಣವೂ ಇಂಗಾಲಾಮ್ಲ ವಾಯುವೂ ಒಂದನ್ನೊಂದು ಹಿಡಿದುಕೊಂಡಿರುವುವು. (ಈ ವಾಯುವನ್ನು ಈಗಿನ ಪಠ್ಯಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎನ್ನುವರು.) ಹೊಲಗಳಲ್ಲಿ ಸಿಕ್ಕುವ ಸುಣ್ಣದ ಹರಳು, ಗಣಿಯಿಂದ ತೆಗೆದ ಕಲ್ಲು, ಕರಾವಳಿಯ ಚಿಪ್ಪು, ಎಲ್ಲವೂ ಮೂಲತಃ ಇದೇ. ಇವುಗಳನ್ನು ಗೂಡಿನಲ್ಲಿ ಕಲ್ಲಿಗೊಂದು ಪದರ, ಇದ್ದಲಿಗೊಂದು ಪದರವಾಗಿ ಒಟ್ಟಿ ಸುಮಾರು 900 ಡಿಗ್ರಿಗಳ ಶಾಖಕ್ಕೆ ಸುಟ್ಟರೆ ವಾಯುವು ಹಾರಿಹೋಗಿ ಸುಣ್ಣವು ಉಳಿಯುವುದು. ಶುದ್ಧವಾದ ಕಲ್ಲು 100 ಕಿಲೋ ಸುಟ್ಟರೆ ಕೈಗೆ ಸಿಕ್ಕುವ ಸುಣ್ಣವು 56 ಕಿಲೋ. ಮಿಕ್ಕ 44 ಕಿಲೋ ಗಾಳಿಯ ಪಾಲು. ನಮ್ಮ ಸೀಮೆಯಲ್ಲಿ ಉಪ್ಪಾರರು ತಲೆತಲಾಂತರದಿಂದ ಈ ಕೆಲಸವನ್ನು ಮಾಡಿಕೊಂಡು ಬಂದವರು. ಕಲ್ಲು ಬೆಂದಿತೊ ಇಲ್ಲವೊ ಎಂಬುದನ್ನು ಅವರು ಕೈಯಲ್ಲಿ ತೂಗಿ ನೋಡಿಯೇ ಹೇಳುತ್ತಿದ್ದರು. ಗಾತ್ರವು ಹಾಗೆಯೇ ಇದ್ದು ತೂಕವು ಅರ್ಧಕ್ಕೆ ಇಳಿದಿದ್ದರೆ ಬೆಂದಿತೆಂದು ಲೆಕ್ಕ.

ಹೀಗೆ ಸುಟ್ಟ ಕಲ್ಲಿಗೆ ಇಷ್ಟೊಂದು ಉರಿ ಎಲ್ಲಿಂದ ಬಂದಿತು? ಗೂಡಿನ ಬೆಂಕಿಯೇ ಕಲ್ಲಿನೊಳಕ್ಕೆ ಹೊಕ್ಕು ಅಡಗಿಕೊಂಡಿರುವುದೆಂದು ಬಹುಕಾಲದವರೆಗೆ ಯುರೋಪಿನ ಪಂಡಿತರೂ ನಂಬಿದ್ದರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವೈದ್ಯವಿದ್ವಾಂಸನು 1756ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿ, ಕಲ್ಲಿನೊಳಕ್ಕೆ ಏನೂ ಹೋಗಲಿಲ್ಲ, ಕಲ್ಲಿನಿಂದ ಒಂದು ವಾಯುವು ಹೊರಕ್ಕೆ ಹೋಯಿತು, ಅಷ್ಟೇ ಎಂದು ತಕ್ಕಡಿಯ ಮೂಲಕ ತೋರಿಸಿಕೊಟ್ಟನು. ಸುಣ್ಣದ ತೀಕ್ಷ್ಣತೆಯು ಒಳಗಿರುವ ಬೆಂಕಿಯಿಂದ ಬಂದುದಲ್ಲ; ಜೊತೆಗಾರನನ್ನು ಕಳೆದುಕೊಂಡ ಹಸಿವಿನಿಂದ ಬಂದುದು. ಆ ಹಸಿವಿನಲ್ಲಿ ಅದು ನೀರನ್ನು ಸೆಳೆದುಕೊಳ್ಳುವುದು. ಹಾಗೆ ಸೆಳೆದುಕೊಂಡಾಗ ಹೊರಡುವ ಶಾಖವು ಅಲ್ಪವಲ್ಲ. ಒಂದು ಕಿಲೋ ಹರಳಿನ ಶಾಖವೆಲ್ಲವೂ ಪೋಲಾಗದೆ ಒದಗಿದರೆ ಮೂರು ಲೀಟರಿಗೂ ಹೆಚ್ಚಿನ ತಣ್ಣೀರು ಕುದಿಯುವುದು. ಮಳೆಯಲ್ಲಿ ನೆನೆದ ಸುಣ್ಣದ ಮೂಟೆಗಳಿಂದ ಗೋಣಿಗೂ ಸೌದೆಗೂ ಬೆಂಕಿ ಹತ್ತುವುದುಂಟು. ಈ ಹಸಿವು ಮತ್ತು ಬೆಂಕಿಗಳ ಭೇದವು ಪಂಡಿತರ ಚರ್ಚೆಯೆಂದು ವಾಚಕರು ತಳ್ಳಿಬಿಡಬಾರದು. ಅದನ್ನು ಸರಿಯಾಗಿ ತಿಳಿಯದೆ ನಾವು ಎಂತಹ ತಪ್ಪನ್ನು ಮಾಡಿದೆವೆಂಬುದನ್ನು ಮುಂದೆ ಹೇಳುವೆವು.

ನೀರು ಕುಡಿದು ಅರಳಿದ ಸುಣ್ಣವು ಅಲ್ಲಿಗೂ ಸುಮ್ಮನಾಗುವುದಿಲ್ಲ. ಗೋಡೆಗೆ ಬಳಿದ ಮೇಲೆ, ಗೂಡಿನಲ್ಲಿ ಕಳೆದುಕೊಂಡ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹಿಂದಕ್ಕೆ ಪಡೆದು ಮರಳಿ ಕಲ್ಲಾಗುವುದು. ಬಳಿದಾಗ ಮಂಕಾಗಿದ್ದ ಗೋಡೆಯು ಮಾರನೆಯ ದಿನ ಬೆಳ್ಳಗೆ ಬೆಳಗುವುದಕ್ಕೆ ಒಣಗಿದುದೊಂದೇ ಕಾರಣವಲ್ಲ. ಅದರ ಮೇಲೆ ತೆಳುವಾದ ಕಲ್ಲಿನ ಪೊರೆಯೊಂದು ಕಟ್ಟಿಕೊಳ್ಳತೊಡಗಿರುವುದು. ಸುಣ್ಣದ ತಿಳಿನೀರನ್ನು ಲೋಟದಲ್ಲಿ ತೆಗೆದುಕೊಂಡು, ಕೊಳವೆಯಿಂದ ನಮ್ಮ ಉಸಿರನ್ನು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿರುವರಷ್ಟೆ. ಅದೂ ಇದೇ ಕಾರ್ಯವೇ. ಊದಬೇಕೇ ಹೊರತು ಹೀರಬಾರದೆಂದು ನಾವು ಪ್ರತಿ ವರ್ಷವೂ ಎಚ್ಚರಿಕೆ ಹೇಳುತ್ತಿದ್ದೆವು. ಪ್ರತಿ ವರ್ಷವೂ ಒಬ್ಬನಾದರೂ ಹೀರಿ ಮುಖ ಕಿವಿಚುತ್ತಿದ್ದನು.

ಆದುದರಿಂದ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರವಿಷ್ಟು: ಮೂರೂ ಒಂದೇ. ಕಾರ್ಖಾನೆಗೆ ಹೋಗುವುದು ಸುಟ್ಟ ಹರಳು. ಎಲೆಗೂ ಗೋಡೆಗೂ ಬರುವುದು ನೀರು ಕುಡಿದು ಅರಳಿದುದು. ಎಲೆಗೆ ಹಾಕುವುದನ್ನು ಹೆಚ್ಚಾಗಿ ಸೋಸಿ ನಯ ಮಾಡುವರು. ಚಿಪ್ಪಿನ ಸುಣ್ಣವನ್ನು ಅದಕ್ಕೆ ಶ್ರೇಷ್ಠವೆನ್ನುವರು. ಅಷ್ಟೇ ವ್ಯತ್ಯಾಸ.

ಸುಣ್ಣದ ಮುಖ್ಯವಾದ ಗುಣವು ಕ್ಷಾರ. ಹುಳಿಯನ್ನು ಮುರಿಯುವುದು ಅದರ ಸ್ವಭಾವ. ಇದನ್ನು ತಿಳಿಯಲು ನಮ್ಮ ಸ್ತ್ರೀಯರಿಗೆ ಯಾವ ಪ್ರಯೋಗಶಾಲೆಯೂ ಬೇಕಿಲ್ಲ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣವನ್ನು ಕದಡಿ ಕೆಂಪು ಬರಿಸುವುದು ಕ್ಷಾರವನ್ನು ಗುರುತಿಸುವ ಪರೀಕ್ಷೆಯೇ ಆಗಿದೆ. ಆ ಕೆಂಪಿಗೆ ಒಂದಿಷ್ಟು ನಿಂಬೆಯ ಹುಳಿಯನ್ನು ಹಿಂಡಿದರೆ ಮತ್ತೆ ಹಳದಿಯಾಗುವುದು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಸುಣ್ಣಕ್ಕಿರುವ ಕೆಲಸವೂ ತಾತ್ಪರ್ಯದಲ್ಲಿ ಇದೇ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಕಬ್ಬು ವಿಸ್ತಾರವಾಗಿ ಬಂದುದು ಕೃಷ್ಣರಾಜಸಾಗರದ ನಾಲೆಯ ನೀರು ಹರಿದ ಮೇಲೆ. ಮೊದಲು ಇರ್ವಿನ್ ನಾಲೆಯೆಂದು ಹೆಸರಾಗಿ, ಈಗ ವಿಶ್ವೇಶ್ವರಯ್ಯ ನಾಲೆಯೆನಿಸಿಕೊಂಡಿರುವುದು ಅದೇ. ಬೆಳೆದ ಕಬ್ಬನ್ನು ಅರೆಯಲು 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಮಂಡ್ಯದಲ್ಲಿ ಸ್ಥಾಪಿತವಾಯಿತು. ವ್ಯವಸಾಯ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್‌ಮನ್ ಎಂಬ ಕೆನಡಾ ದೇಶದವರು ಅದಕ್ಕಾಗಿ ಬಹಳ ದುಡಿದರು. ಗಾಣದಿಂದ ಇಳಿದ ಹಸಿ ಕಬ್ಬಿನ ಹಾಲು ನಾಲಗೆಗೆ ಬರಿಯ ಸಿಹಿಯೆನಿಸಿದರೂ ಅದರಲ್ಲಿ ಮರೆಯಾಗಿ ಹುಳಿಯಿರುವುದು. ಹುಳಿಯಿರುವ ಹಾಲನ್ನು ಹಾಗೆಯೇ ಕಾಯಿಸಿದರೆ ಸಕ್ಕರೆಯು ಒಡೆದು, ಹರಳುಗಟ್ಟದ ಬೇರೆ ಎರಡು ಸಿಹಿಗಳಾಗಿಬಿಡುವುದು. ರೈತನು ವರ್ಷವೆಲ್ಲಾ ದುಡಿದುದು ಕಾಕಂಬಿಯ ಪಾಲಾಗುವುದು. ಅದನ್ನು ತಪ್ಪಿಸುವುದಕ್ಕಾಗಿ ಹಾಲನ್ನು ಬಿಸಿ ಮಾಡಿ, ಅರಳಿಸಿದ ಸುಣ್ಣದ ನೀರನ್ನೂ ಗಂಧಕದ ಹೊಗೆಯನ್ನೂ ಹದವರಿತು ಸೇರಿಸುವರು. ಸುಣ್ಣವು ಹುಳಿಯನ್ನು ಮುರಿದು, ಹಾಲಿನಲ್ಲಿರುವ ರಂಜಕದ ಅಂಶದೊಡನೆ ಕೂಡಿ ಗರಣೆಯಾಗಿ, ಮಣ್ಣು, ಮೇಣ, ಅಂಟುಗಳನ್ನು ಅಪ್ಪಿಕೊಂಡು ತಳಕ್ಕಿಳಿಯುವುದು. ಮೇಲೆ ತಿಳಿಯಾದ ರಸವು ನಿಲ್ಲುವುದು. ಒಂದು ಟನ್ನು ಕಬ್ಬಿಗೆ ಒಂದೂವರೆಯಿಂದ ಎರಡು ಕಿಲೋ ಸುಣ್ಣವು ಸಾಕಾಗುವುದು. ತಳದಲ್ಲಿ ನಿಂತ ಮಡ್ಡಿಯು ಗೊಬ್ಬರವಾಗಿ ಮತ್ತೆ ಹೊಲಕ್ಕೆ ಬರುವುದು.

ಇದನ್ನೇ ನಮ್ಮ ಆಲೆಮನೆಯವನು ಯಾವ ಯಂತ್ರವೂ ಇಲ್ಲದೆ ಮಾಡುವನು. ಕೊಪ್ಪರಿಗೆಯಲ್ಲಿ ಹಾಲು ಕಾದು ನೊರೆಯೇಳುವ ಸಮಯಕ್ಕೆ ಸುಣ್ಣದ ತಿಳಿಯನ್ನು ಹೊಯ್ಯುವನು. ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನು ಬಿಟ್ಟು ಕೊಳೆಯನ್ನು ಮೇಲಕ್ಕೆ ತರಿಸಿ ಜಾಲರಿಯಿಂದ ಬಾಚುವನು. ಸುಣ್ಣವು ಕಡಿಮೆಯಾದರೆ ಬೆಲ್ಲವು ಗಟ್ಟಿಯಾಗದೆ ಮಳೆಗಾಲದಲ್ಲಿ ಜಿನುಗುವುದು. ಹೆಚ್ಚಾದರೆ ಕಪ್ಪಾಗಿ ರುಚಿ ಕೆಡುವುದು. ಎಷ್ಟು ಹಾಕಬೇಕೆಂದು ನಾವು ಒಮ್ಮೆ ಮಳವಳ್ಳಿಯ ಹತ್ತಿರದ ಒಂದು ಆಲೆಮನೆಯಲ್ಲಿ ಕೇಳಿದುದಕ್ಕೆ, ಪಾಕ ನೋಡುತ್ತಿದ್ದ ಹಿರಿಯರು ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಅದ್ಯಾಕೆ ಅಳೀತೀರಾ ಮೇಷ್ಟ್ರೆ, ಹಾಲು ಕೇಳ್ದಷ್ಟು” ಎಂದರು. ಕಬ್ಬಿನ ತಳಿ, ನೆಲ, ಕಟಾವಾಗಿ ಕಳೆದ ದಿನ ಇವುಗಳಿಂದ ಹಾಲಿನ ಹುಳಿಯು ಬೇರೆಬೇರೆಯಾಗಿರುವುದೆಂಬುದನ್ನು ಬಲ್ಲವರಿಗೆ ಈ ಉತ್ತರದಲ್ಲಿರುವ ವಿವೇಕವು ತಿಳಿದೀತು. ಈಚೆಗೆ ಹೈಡ್ರೋಸ್ ಎಂಬ ಬಿಳಿಯ ಪುಡಿಯನ್ನು ಹಾಕಿ ಬೆಲ್ಲವನ್ನು ಹೊಂಬಣ್ಣಕ್ಕೆ ತರುವುದು ಹೆಚ್ಚಾಗಿದೆ. ಬಣ್ಣಕ್ಕೆ ಮರುಳಾಗಿ ಅದನ್ನೇ ಕೊಳ್ಳುವವರು ನಾವೇ ಆದುದರಿಂದ ಆಲೆಮನೆಯವನನ್ನು ಬೈದು ಫಲವಿಲ್ಲ.

ಸುಣ್ಣವು ಬೆಲ್ಲಕ್ಕೆ ಮಾಡಿದ ಉಪಕಾರವನ್ನು ಬೆಲ್ಲವೂ ತೀರಿಸಿದೆ. ಹಳೆಯ ಕಾಲದ ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯನ್ನು ನೆನೆಸಿದ ನೀರನ್ನೂ ಬೆರೆಸುತ್ತಿದ್ದರು. ಬರಿಯ ನೀರಿನಲ್ಲಿ ಸುಣ್ಣವು ಲೀಟರಿಗೆ ಎರಡು ಗ್ರಾಮಿನಷ್ಟೂ ಕರಗದು. ಸಿಹಿನೀರಿನಲ್ಲಾದರೆ ಬಹುಪಾಲು ಹೆಚ್ಚು ಕರಗಿ ಸಂದುಸಂದಿಗೂ ಹೊಕ್ಕು ಕಚ್ಚಿಕೊಳ್ಳುವುದು. ಎತ್ತುಗಳನ್ನು ಕಟ್ಟಿ ಕಲ್ಲಿನ ಗಾಲಿಯನ್ನು ವರ್ತುಲವಾದ ಕಾಲುವೆಯಲ್ಲಿ ಉರುಳಿಸಿ ಗಾರೆಯನ್ನು ಅರೆಯುತ್ತಿದ್ದುದನ್ನು ನಮ್ಮ ತಂದೆಯವರು ವರ್ಣಿಸುತ್ತಿದ್ದರು. ನಾವು ಕಂಡುದು ನಿಂತುಹೋಗಿದ್ದ ಗಾಲಿಯನ್ನು ಮಾತ್ರ.

ಕೃಷ್ಣರಾಜಸಾಗರದ ಕಟ್ಟೆಯೇ ಸುಣ್ಣದ ಕೆಲಸವೆಂದರೆ ಈಗಿನ ಹುಡುಗರು ನಂಬುವುದಿಲ್ಲ. 1911ರಲ್ಲಿ ಆರಂಭವಾಗಿ ಸುಮಾರು ಇಪ್ಪತ್ತು ವರ್ಷ ನಡೆದ ಆ ಕೆಲಸದ ಕಾಲಕ್ಕೆ ಸಿಮೆಂಟು ವಿರಳವಾಗಿದ್ದು ಬೆಲೆಯೂ ಹೆಚ್ಚಾಗಿದ್ದಿತು. ಆದುದರಿಂದ 2,621 ಮೀಟರ್ ಉದ್ದದ ಆ ಕಲ್ಲಿನ ಕಟ್ಟೆಯನ್ನು ಸುರ್ಕಿ ಗಾರೆಯಿಂದ, ಎಂದರೆ ಸುಟ್ಟ ಮಣ್ಣಿನ ಪುಡಿಯನ್ನು ಬೆರೆಸಿದ ಸುಣ್ಣದಿಂದ, ಕಟ್ಟಿದರು. ಇಲ್ಲಿ ಒಂದು ಸೂಕ್ಷ್ಮವಿದೆ. ಬರಿಯ ಸುಣ್ಣವು ಗಟ್ಟಿಯಾಗಬೇಕಾದರೆ ಗಾಳಿ ಬೇಕು. ಅಷ್ಟು ದಪ್ಪನಾದ ಕಟ್ಟೆಯ ಒಡಲಿಗೆ ಗಾಳಿ ಎಲ್ಲಿಂದ ಬರಬೇಕು? ಸುಟ್ಟ ಮಣ್ಣಿನ ಪುಡಿಯು ಸೇರಿದರೆ ಸುಣ್ಣವು ಗಾಳಿಯಿಲ್ಲದೆ, ನೀರಿನೊಳಗಿದ್ದರೂ ಬಿಗಿದುಕೊಳ್ಳುವುದು. ಇಂದಿಗೂ ನಮ್ಮ ಗದ್ದೆಗಳ ನೀರನ್ನು ಹಿಡಿದು ನಿಲ್ಲಿಸಿರುವುದು ಆ ಬಿಗಿತವೇ.

ಉಳಿದ ಕೈಗಾರಿಕೆಗಳನ್ನು ಒಂದೊಂದು ಮಾತಿನಲ್ಲಿ ಮುಗಿಸುವೆವು. ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಆ ಗಣಿಗಳು 2001ರಲ್ಲಿ ಮುಚ್ಚಿದುವು. ಅಲ್ಲಿ ಪುಡಿ ಮಾಡಿದ ಕಲ್ಲಿನಿಂದ ಚಿನ್ನವನ್ನು ಕರಗಿಸಿ ತೆಗೆಯಲು ಸಯನೈಡ್ ಎಂಬ ಘೋರವಿಷವನ್ನು ಬಳಸುತ್ತಿದ್ದರು. ಆ ದ್ರವಕ್ಕೆ ಹುಳಿ ಸೋಕಿದರೆ ಪ್ರಾಣ ತೆಗೆಯುವ ವಾಯುವು ಏಳುವುದು. ಇಂತಹ ಕೆಲಸದಲ್ಲಿ ಹುಳಿಯನ್ನು ದೂರವಿಡುವ ಕಾವಲುಗಾರನು ಸುಣ್ಣವೇ. ಭದ್ರಾವತಿಯ ಕುಲುಮೆಯಲ್ಲಿ ಕಬ್ಬಿಣದ ಅದುರಿನ ಕಲ್ಮಷವನ್ನು ಕಿಟ್ಟವಾಗಿ ಬೇರ್ಪಡಿಸಿದುದೂ ಸುಣ್ಣದ ಕಲ್ಲೇ. ಬೆಂಗಳೂರಿಗೆ ಕಾವೇರಿಯ ನೀರನ್ನು 1974ರಿಂದ ಕಳುಹಿಸುತ್ತಿರುವ ತೊರೆಕಾಡನಹಳ್ಳಿಯೂ ಮಳವಳ್ಳಿ ತಾಲ್ಲೂಕಿನದೇ. ನೀರನ್ನು ತಿಳಿಗೊಳಿಸುವ ಇಂತಹ ಯಂತ್ರಾಲಯಗಳಲ್ಲಿ ಪಟಿಕದಿಂದ ನೀರಿಗೆ ಬಂದ ಹುಳಿಯನ್ನು ಸುಣ್ಣದಿಂದ ಸರಿಪಡಿಸುವ ವಾಡಿಕೆಯುಂಟು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯು ಅರಳಿದ ಸುಣ್ಣಕ್ಕೆ ಕ್ಲೋರಿನ್ ವಾಯುವನ್ನು ಕುಡಿಸಿ ಮಾಡಿದುದು. ಚರ್ಮ ಹದ ಮಾಡುವವರು ತೊಗಲಿನ ಕೂದಲನ್ನು ತೆಗೆಯಲು ಸುಣ್ಣದ ತೊಟ್ಟಿಯಲ್ಲಿ ನೆನೆಹಾಕುವರು. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುಗಳು ಜ್ವರಕ್ಕೆ ಕುಳಿತಾಗ ತಟ್ಟೆಯ ತೇವವನ್ನು ಹೀರಲು ಸುಣ್ಣದ ಪುಡಿಯನ್ನು ಉದುರಿಸುವುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದುದಿಲ್ಲ. ಸುಟ್ಟ ಸುಣ್ಣವನ್ನೂ ಕಲ್ಲಿದ್ದಲಿನ ಕೋಕನ್ನೂ ವಿದ್ಯುತ್ತಿನ ಕುಲುಮೆಯಲ್ಲಿ ಕಾಸಿದರೆ ಕಾರ್ಬೈಡ್ ಬರುವುದು. ಹಿಂದೆ ಜಾತ್ರೆಯ ದೀಪಗಳನ್ನು ಉರಿಸುತ್ತಿದ್ದುದು ಅದರಿಂದ. ಈಗ ಕೆಲವರು ಮಾವಿನಕಾಯಿಯನ್ನು ಅದರಿಂದ ಹಣ್ಣು ಮಾಡುವರು. ಅದು ಕಾನೂನಿಗೆ ವಿರುದ್ಧ; ಹೊಟ್ಟೆಗೂ ವಿರುದ್ಧ.

ತಾಂಬೂಲದ ವಿಷಯದಲ್ಲಿ ಹಿರಿಯರಿಗೆ ಕೋಪ ಬರದಂತೆ ಒಂದು ಮಾತು. ಹೊಗೆಸೊಪ್ಪನ್ನು ಸುಣ್ಣದೊಡನೆ ತಿಕ್ಕುವುದು ರುಚಿಗೋಸ್ಕರವಲ್ಲ. ಸುಣ್ಣವು ಸೊಪ್ಪಿನ ವಿಷವನ್ನು ಬಿಡಿಸಿ ಬೇಗನೆ ರಕ್ತಕ್ಕೆ ಹೊಗಿಸುವುದು. ಹೊಗೆಸೊಪ್ಪಿಲ್ಲದ ಎಲೆ ಅಡಕೆಯನ್ನು ಸಹ ಬಾಯಿಯ ಅರ್ಬುದಕ್ಕೆ ಕಾರಣವೆಂದು ಲೋಕಾರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಶಾಖೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೇರಿಸಿತು. ಶುಭಕಾರ್ಯದ ತಾಂಬೂಲವನ್ನು ಕಣ್ಣಿಗೊತ್ತಿಕೊಂಡು ತಟ್ಟೆಯಲ್ಲಿಯೇ ಇರಿಸುವ ಅಭ್ಯಾಸವನ್ನು ನಾವು ಮಾಡಿಕೊಂಡಿದ್ದೇವೆ.

ಇನ್ನು ನಮ್ಮ ಮನೆಯ ಸಂಗತಿ. 1990ನೆಯ ಇಸವಿ, ಯುಗಾದಿಗೆ ಒಂದು ವಾರವಿದ್ದಿತು. ನಾವು ಉಪಾಧ್ಯಾಯ ವೃತ್ತಿಗೆ ಸೇರಿ ಎರಡು ವರ್ಷವಾಗಿದ್ದಿತು. ನಮ್ಮ ಅಕ್ಕನ ಮಗನು, ಒಂಬತ್ತು ವರ್ಷದ ಹುಡುಗನು, ನಮ್ಮಲ್ಲಿಯೇ ಇದ್ದು ಓದುತ್ತಿದ್ದನು. ಗೋಡೆಗಳಿಗೆಂದು ಸಂತೆಯಿಂದ ತಂದ ಸುಣ್ಣದ ಹರಳಿನ ಚೀಲವು ಹಿತ್ತಲ ಜಗಲಿಯಲ್ಲಿದ್ದಿತು. ಒಂದು ಸಾಯಂಕಾಲ ನಾವೇ ಅವನನ್ನು ಕರೆದು, ಮಡಕೆಯ ನೀರಿಗೆ ಒಂದು ಹರಳನ್ನು ಹಾಕಿ, ಬೆಂಕಿಯಿಲ್ಲದೆ ನೀರು ಕುದಿಯುವ ಚೋದ್ಯವನ್ನು ತೋರಿಸಿದೆವು. ಕಲ್ಲಿನೊಳಗೆ ಬೆಂಕಿಯು ಅಡಗಿಕೊಂಡಿದೆ, ನೀರು ಸೋಕಿದರೆ ಹೊರಕ್ಕೆ ಬರುವುದು ಎಂದು ಮಕ್ಕಳಿಗೆ ಹಿಡಿಸುವಂತೆ ವಿವರಿಸಿದೆವು. ಬ್ಲ್ಯಾಕನು ಇನ್ನೂರು ವರ್ಷಗಳ ಹಿಂದೆ ಅಳಿಸಿಹಾಕಿದ ಮಾತನ್ನೇ ಹೇಳಿದೆವೆಂದು ಈಗ ತಿಳಿಯುವುದು.

ಮಾರನೆಯ ದಿನ ಮಧ್ಯಾಹ್ನ ಅವನು ಒಂದು ಶಾಯಿಯ ಸೀಸೆಗೆ ಹರಳನ್ನು ತುಂಬಿ, ನೀರು ಹೊಯ್ದು, ಮುಚ್ಚಳವನ್ನು ಬಿಗಿಮಾಡಿ ಅಲ್ಲಾಡಿಸಿದನು. ಸೀಸೆಯು ಸಿಡಿಯಿತು. ಗಾಜು ಕೆನ್ನೆಯನ್ನು ಗೀರಿತು. ಸುಣ್ಣವು ಬಲಗಣ್ಣಿಗೆ ತುಂಬಿತು. ಕೂಗು ಕೇಳಿ ನಮ್ಮ ತಾಯಿಯವರು ತುಂಬಿದ ಬಿಂದಿಗೆಯನ್ನು ಹಿಡಿದುಕೊಂಡೇ ಓಡಿಬಂದರು. ನಾವು ಅವರ ಕೈಯನ್ನು ಹಿಡಿದು ತಡೆದೆವು. “ಅಮ್ಮಾ, ನೀರು ಬೇಡ, ನೀರು ಬಿದ್ದರೆ ಕಣ್ಣೊಳಗೇ ಕುದಿಯುತ್ತದೆ” ಎಂದೆವು. ಓದಿದ ಮಗನು ಹೇಳಿದನೆಂದು ಅವರು ನಿಂತರು. ಅಕ್ಕಪಕ್ಕದವರಲ್ಲಿ ಒಬ್ಬರು ಹರಳೆಣ್ಣೆ ಎಂದರು, ಇನ್ನೊಬ್ಬರು ತುಪ್ಪ ಎಂದರು. ಹರಳೆಣ್ಣೆಯನ್ನು ಬಿಟ್ಟು, ಬಟ್ಟೆ ಕಟ್ಟಿ, ಬಸ್ಸು ಹಿಡಿದು ಮೈಸೂರಿಗೆ ಹೋಗುವ ವೇಳೆಗೆ ಎರಡೂವರೆ ಗಂಟೆ ಕಳೆದಿದ್ದಿತು.

ವೈದ್ಯರು ಕೇಳಿದ ಮೊದಲ ಪ್ರಶ್ನೆಯು “ಎಷ್ಟು ಹೊತ್ತು ನೀರು ಹೊಯ್ದಿರಿ?” ಎಂಬುದು. ನಾವು ಉತ್ತರ ಹೇಳಲಿಲ್ಲ. ಅವರು ಮತ್ತೆ ಕೇಳದೆ, ರೆಪ್ಪೆಯನ್ನು ಮಗುಚಿ, ಅಡಿಯಲ್ಲಿ ಕಚ್ಚಿಕೊಂಡಿದ್ದ ಸುಣ್ಣದ ಚೂರುಗಳನ್ನು ತೆಗೆದು, ಬಹಳ ಹೊತ್ತು ತೊಳೆದರು. ಕಣ್ಣಿನ ಕರಿಯ ಗುಡ್ಡೆಯ ಮುಂದಿರುವ ತಿಳಿಯಾದ ಪೊರೆಯು ಆಗಲೇ ಬಿಳುಪೇರಿದ್ದಿತು. ಆ ಕಣ್ಣಿನ ದೃಷ್ಟಿ ಮರಳಿ ಬರಲಿಲ್ಲ.

ನಮ್ಮ ತರ್ಕದಲ್ಲಿ ತಪ್ಪಿದುದೆಲ್ಲಿ? ಕಣ್ಣೇ ನೀರಿನ ಮನೆ. ನಾವು ಹೊಯ್ದರೂ ಬಿಟ್ಟರೂ ಸುಣ್ಣವು ಕಣ್ಣೀರನ್ನು ಕುಡಿದು ಅರಳಿಯೇ ಅರಳುವುದು. ಚಿಟಿಕೆ ಸುಣ್ಣದ ಶಾಖವು ಬಿಂದಿಗೆ ನೀರಿನಲ್ಲಿ ಕೈಗೂ ತಿಳಿಯದಷ್ಟು ಅಲ್ಪ. ಅದನ್ನು ಕೊಚ್ಚಿಕೊಂಡು ಹೋಗತಕ್ಕದ್ದು ಆ ನೀರೇ. ಶಾಖಕ್ಕಿಂತ ದೊಡ್ಡ ಶತ್ರುವು ಕ್ಷಾರ. ಹುಳಿಯು ಮೇಲೆ ಸುಟ್ಟು ಬಹುಮಟ್ಟಿಗೆ ಅಲ್ಲಿಯೇ ನಿಲ್ಲುವುದು. ಕ್ಷಾರವಾದರೊ ಮಾಂಸದಲ್ಲಿರುವ ಜಿಡ್ಡನ್ನು ಸಾಬೂನಿನಂತೆ ಕರಗಿಸಿಕೊಳ್ಳುತ್ತ, ತೊಳೆಯುವವರೆಗೂ ಒಳಕ್ಕೆ ಇಳಿಯುತ್ತಲೇ ಇರುವುದು. ಅಕ್ಷರ ಬಾರದ ನಮ್ಮ ತಾಯಿಯವರ ಬಿಂದಿಗೆಯು ಸರಿಯಾಗಿದ್ದಿತು. ಮೇಷ್ಟರ ಪಾಠವು ತಪ್ಪಾಗಿದ್ದಿತು.

ಆದುದರಿಂದ, ಕಾಗದ ಬರೆದ ತಾಯಿಯವರೂ ಮಿಕ್ಕ ಗೃಹಸ್ಥರೂ ಇದನ್ನು ಮನೆಯವರೆಲ್ಲರಿಗೂ ಓದಿ ಹೇಳಬೇಕು. ಕಣ್ಣಿಗೆ ಸುಣ್ಣವು ಬಿದ್ದರೆ, ಅದು ಸುಟ್ಟುದಾಗಲಿ ಅರಳಿದುದಾಗಲಿ, ಆ ಕ್ಷಣದಲ್ಲಿಯೇ ನೀರು. ನಲ್ಲಿಯ ಕೆಳಗಾಗಲಿ, ಚೊಂಬಿನಿಂದಾಗಲಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಕೆಟ್ಟ ಕಣ್ಣಿನ ನೀರು ಒಳ್ಳೆಯ ಕಣ್ಣಿಗೆ ಹರಿಯದಂತೆ ತಲೆಯನ್ನು ವಾರೆಮಾಡಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹೊಯ್ಯುತ್ತಿರಬೇಕು. ಮಗು ಅತ್ತರೂ ನಿಲ್ಲಿಸಬಾರದು. ಕಾಣುವ ಚೂರುಗಳನ್ನು ಒದ್ದೆಯಾದ ಶುಭ್ರ ಬಟ್ಟೆಯ ತುದಿಯಿಂದ ತೆಗೆಯಬಹುದು, ಕಣ್ಣನ್ನು ತಿಕ್ಕಬಾರದು. ಎಣ್ಣೆ, ತುಪ್ಪ, ಎದೆಹಾಲು ಯಾವುದೂ ಬೇಡ. ಹುಳಿಯು ಕ್ಷಾರವನ್ನು ಮುರಿಯುವುದೆಂದು ನಾವೇ ಮೇಲೆ ಬರೆದುದನ್ನು ಓದಿ ಯಾರಾದರೂ ನಿಂಬೆಯ ರಸವನ್ನು ಹಿಂಡಿಯಾರು, ಅದು ಕೂಡದು. ಅನಂತರ ವೈದ್ಯರಲ್ಲಿಗೆ ಹೋಗುವ ದಾರಿಯಲ್ಲಿಯೂ ಸಾಧ್ಯವಾದಷ್ಟು ನೀರು ಹೊಯ್ಯುತ್ತಲೇ ಹೋಗಬೇಕು. ಮೈಮೇಲೆ ಒಣ ಸುಣ್ಣವು ಚೆಲ್ಲಿದ್ದರೆ ಮಾತ್ರ ಮೊದಲು ಒಣ ಬಟ್ಟೆಯಿಂದ ಕೊಡವಿ, ಆ ಮೇಲೆ ಧಾರಾಳವಾಗಿ ತೊಳೆಯತಕ್ಕದ್ದು.

ಅಂಗಡಿಗಳಲ್ಲಿ ಮಾರುವ ಎಲೆಸುಣ್ಣದ ಸಣ್ಣ ಚೀಲಗಳನ್ನೂ ಕೊಳವೆಗಳನ್ನೂ ಮಕ್ಕಳು ಆಟಕ್ಕೆ ಹಿಂಡುವರು. ಒಡೆದರೆ ನೇರವಾಗಿ ಮುಖಕ್ಕೇ ಚಿಮ್ಮುವುದು. ಕಣ್ಣಿನ ವೈದ್ಯರು ಇಂತಹ ಮಕ್ಕಳನ್ನು ಈಗಲೂ ನೋಡುತ್ತಿರುವರು. ಬಾಯಿಗೆ ಹಾಕಿಕೊಳ್ಳುವ ಪದಾರ್ಥವೆಂಬ ಸಲಿಗೆಯೇ ಇದಕ್ಕೆಲ್ಲ ಕಾರಣ. ಎಲೆ ಅಡಕೆಯ ತಟ್ಟೆಯನ್ನು ಮಕ್ಕಳ ಕೈಗೆಟುಕದ ಗೂಡಿನಲ್ಲಿಡಬೇಕು. ಗೋಡೆಯ ಸುಣ್ಣವನ್ನು ಅರಳಿಸುವಾಗ ಬಾಯಗಲವಾದ ಪಾತ್ರೆಯಲ್ಲಿ ಮೊದಲು ನೀರನ್ನು ತುಂಬಿ, ಅನಂತರ ಹರಳನ್ನು ಒಂದೊಂದಾಗಿ ಬಿಡಬೇಕೇ ಹೊರತು ಹರಳಿನ ರಾಶಿಯ ಮೇಲೆ ನೀರನ್ನು ಸುರಿಯಬಾರದು, ಮುಚ್ಚಳವನ್ನು ಹಾಕಲೇಬಾರದು.

ಆ ಹುಡುಗನು ಬೆಳೆದು ದೊಡ್ಡವನಾಗಿ, ಮದ್ದೂರಿನಲ್ಲಿ ಒಂದು ಅಂಗಡಿಯನ್ನು ಇಟ್ಟುಕೊಂಡು, ಹೆಂಡತಿ ಮಕ್ಕಳೊಡನೆ ಸುಖವಾಗಿರುವನು. ನಮ್ಮ ತಾಯಿಯವರು ತೀರಿಕೊಂಡ ವರ್ಷ, ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ ಜಗಲಿಯಲ್ಲಿ ಕುಳಿತಿದ್ದಾಗ ಅವನು, “ಮಾವ, ಅವತ್ತು ಅಜ್ಜಿ ನೀರು ತಂದಿದ್ರಂತೆ, ನಿಜವೆ?” ಎಂದು ಕೇಳಿದನು. ನಿಜವೆಂದೆವು. ತಡೆದವರು ನಾವೇ ಎಂದೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಸ್ಸಿಗೆ ಹೊತ್ತಾಯ್ತು, ಬರ್ತೀನಿ” ಎಂದು ಎದ್ದನು.

ಈಗಲೂ ಯುಗಾದಿಗೆ ಮುಂಚೆ ಒಂದು ಭಾನುವಾರ ಅವನು ಮಳವಳ್ಳಿಗೆ ಬಂದು ನಮ್ಮ ಮನೆಯ ಸುಣ್ಣವನ್ನು ತಾನೇ ಅರಳಿಸುವನು. ಮಕ್ಕಳನ್ನು ಹೊಸಿಲ ಒಳಗೆ ನಿಲ್ಲಿಸಿ, ಪಕ್ಕದಲ್ಲಿ ಎರಡು ಬಿಂದಿಗೆ ನೀರನ್ನು ತುಂಬಿಸಿಟ್ಟುಕೊಂಡ ಮೇಲೆಯೇ ಚೀಲದ ಬಾಯನ್ನು ಬಿಚ್ಚುವನು. ಗೋಡೆಗೆ ಈಗ ಬಗೆಬಗೆಯ ಬಣ್ಣಗಳು ಡಬ್ಬಿಯಲ್ಲಿ ಸಿಕ್ಕುವುವಲ್ಲ, ಇದೇತಕ್ಕೆಂದು ಅವನ ಮಗಳು ಈ ಸಲ ಕೇಳಿದಳು. ಸುಣ್ಣದ ಗೋಡೆ ತಂಪು ಎಂದಷ್ಟೇ ಹೇಳಿ ಅವನು ಕೋಲಿನಿಂದ ಕಲಕತೊಡಗಿದನು.